ಗಲಾಟೆಯಿಲ್ಲದೆ ವೀರಗಲ್ಲಿಗೆ ಬೋರ್ಡು ನೆಡೋದು

ಸತ್ತು ನೂರಾರು ವರ್ಷ ಆದೋರಿಂದ ಬದುಕಿರೋರಿಗೆ ಎಷ್ಟು ತಲೆನೋವು ಅಂತ ತಿಳೀಬೇಕಾದ್ರೆ ನನ್ನ ಕೆಲಸ ಮಾಡ್ಬೇಕು. ವಾರಕ್ಕೊಂದು ಪ್ರಸಂಗ ಗ್ಯಾರಂಟಿ. ನಾನೇನೂ ಹುಡುಕ್ಕೊಂಡು ಹೋಗಲ್ಲ, ಅವೇ ಬಂದು ಕಾಲಿಗೆ ತೊಡರ್ಕೊಳ್ತವೆ.

ಕೆಲಸ ಏನಪ್ಪಾ ಅಂದ್ರೆ, ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಬೇಲಿ ಸಂದೀಲಿ, ತೋಟದ ಬದುವಲ್ಲಿ ಬಿದ್ದಿರೋ ವೀರಗಲ್ಲು, ಶಾಸನಗಳ ಪಕ್ಕ ಬೋರ್ಡು ನೆಡೋದು. ವೀರಗಲ್ಲು ಅಂದ್ರೆ ಊರಿಗೋ ದನಕರುವಿಗೋ ಅಂತ ಕಾದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ನಮ್ಮದೊಂದು ಸಣ್ಣ ಇತಿಹಾಸ ಬಳಗ. ಬೋರ್ಡು ಹಿರೇಹಳ್ಳಿಯ ವರ್ಕ್‌ಶಾಪಲ್ಲಿ ತಯಾರಾಗುತ್ತೆ, ಲಗೇಜ್ ಆಟೋ ಹತ್ತುತ್ತೆ, ನಾನು ಡ್ರೈವರ್ ಪಕ್ಕ ಕೂತ್ಕೊಳ್ತೀನಿ. ಬಳಗದ ಅಧ್ಯಕ್ಷರು ಒಳ್ಳೆಯವರೇ, ಪುಕ್ಕಲು ಅಷ್ಟೆ. ಮೊದಲೇ ಹೇಳ್ಬಿಟ್ಟಿದ್ರು: "ನೋಡಮ್ಮ, ನಿನ್ನ ಬಾಯಿ ನನಗೆ ಗೊತ್ತು. ಒಂದೇ ಒಂದು ಊರಲ್ಲಿ ಗಲಾಟೆ ಆಗಿ ನನಗೆ ಫೋನ್ ಬಂತೋ, ನೆಟ್ಟಿರೋ ಬೋರ್ಡೆಲ್ಲ ಕೀಳಿಸಿ ಈ ಕೆಲಸಾನೇ ನಿಲ್ಲಿಸ್ಬಿಡ್ತೀನಿ."

"ಗಲಾಟೆ ಯಾಕ್ ಸಾರ್ ಆಗುತ್ತೆ? ಕಲ್ಲಲ್ಲಿ ಇರೋದನ್ನ ಬೋರ್ಡಲ್ಲಿ ಬರೀತೀನಿ" ಅಂದೆ. ಈ ಕೆಲಸಾನ ನನ್ನಷ್ಟು ಚೆನ್ನಾಗಿ ಮಾಡೋರು ಜಿಲ್ಲೇಲೇ ಇನ್ನೊಬ್ಬರಿಲ್ಲ ಅಂತ ಆಗಲೂ ನಂಬಿದ್ದೆ, ಈಗಲೂ ನಂಬಿದೀನಿ.

ಸೀರೆ ಉಟ್ಟ ವೀರ

ಕುಣಿಗಲ್ ಕಡೆ ಒಂದು ಹುಣಸೇ ಮರದ ಬುಡದಲ್ಲಿ ವೀರಗಲ್ಲಿದೆ ಅಂತ ಸುದ್ದಿ ಬಂತು. ಹೋಗಿ ನೋಡ್ತೀನಿ, ಕಲ್ಲಿಗೆ ಹಸಿರು ಸೀರೆ ಉಡಿಸಿ, ಕುಂಕುಮ ಮೆತ್ತಿ, ಬಳೆ ಏರಿಸಿ ಇಟ್ಟವ್ರೆ. ಒಬ್ಬ ಹೆಂಗಸು ದೀಪಕ್ಕೆ ಎಣ್ಣೆ ಹಾಕ್ತಿದ್ಲು. "ಇದು ನಮ್ಮೂರ ಅಮ್ಮ, ಬಾಳ ಸತ್ಯ" ಅಂದ್ಲು.

ಸೆರಗು ಒಂಚೂರು ಸರಿಸಿದೆ. ಕೈಯಲ್ಲಿ ಕತ್ತಿ, ಸೊಂಟಕ್ಕೆ ಕಚ್ಚೆ, ಮುಖದಲ್ಲಿ ಹುರಿ ಮಾಡಿದ ಮೀಸೆ. ನನಗೆ ಸುಮ್ಮನಿರೋಕೆ ಬರುತ್ತಾ? "ಅಕ್ಕ, ಇದು ಅಮ್ಮ ಅಲ್ಲ, ಗಂಡಸು. ಇಲ್ನೋಡಿ, ಮೀಸೆ ಇದೆ" ಅಂದೆ.

ಅವಳು ಬಗ್ಗಿ ನೋಡಿದ್ಲು. ಏನೂ ಗಾಬರಿ ಆಗಲಿಲ್ಲ. ಸೆರಗು ವಾಪಸ್ ಹೊದಿಸಿ ಹೇಳಿದ್ಲು: "ಮೀಸೆ ಇದ್ರೆ ಏನಾಯ್ತವ್ವ, ನಮ್ಮತ್ತೆಗೂ ಇತ್ತು."

ಅಳಿಸಿಹೋದ ಸಾಲು

ಉಪ್ಪಾರಹಳ್ಳಿಯ ಒಂದು ಮನೆ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಅಕ್ಷರ ಇದೆ ಅಂತ ಆ ಮನೆ ಯಜಮಾನರೇ ಫೋನ್ ಮಾಡಿದ್ರು. ನೋಡಿದ್ರೆ ಕಲ್ಲಿನ ತುಂಬ ಶಾಸನ. ನನಗೆ ಖುಷಿಗೆ ಕಣ್ಣಲ್ಲಿ ನೀರು ಬಂತು. ಸೋಪಿನ ನೊರೆ ತೊಳೆದು ಓದ್ತಾ ಹೋದೆ. ಯಾರೋ ಯಾರಿಗೋ ಭೂಮಿ ದಾನ ಕೊಟ್ಟಿದ್ದಾರೆ. ಕೊಟ್ಟವರು ಯಾರು ಅನ್ನೋ ಸಾಲಿಗೆ ಬರೋ ಹೊತ್ತಿಗೆ ಕಲ್ಲು ಕನ್ನಡಿ ಥರ ನುಣ್ಣಗೆ.

"ಅಯ್ಯೋ, ಮುಖ್ಯವಾದ ಸಾಲೇ ಹೋಗಿದೆಯಲ್ಲ" ಅಂತ ತಲೆ ಮೇಲೆ ಕೈ ಹೊತ್ತು ಕೂತೆ.

ಮನೆಯಾಕೆ ಹತ್ತಿರ ಬಂದು ನೋಡಿ, ಗಂಡನ ಕಡೆ ಕೈ ತೋರಿಸಿ ಹೇಳಿದ್ರು: "ಅಲ್ಲಿ ಇವರ ಜೀನ್ಸ್ ಪ್ಯಾಂಟ್ ಉಜ್ಜೋದು ಮೇಡಂ."

ನಿಧಿ ಇಲ್ಲ

ಹಳೇ ಕಲ್ಲು ಅಂದ್ರೆ ಕೆಳಗೆ ಹೊನ್ನಿನ ಕೊಪ್ಪರಿಗೆ ಇದೆ ಅನ್ನೋ ಹುಚ್ಚು ನಮ್ಮ ಜನಕ್ಕೆ ಬಿಡಲ್ಲ. ಗುಬ್ಬಿ ಹತ್ರ ಒಂದು ತೆಂಗಿನ ತೋಟದಲ್ಲಿ ಕಲ್ಲಿಗೆ ಬೋರ್ಡು ನೆಡುವಾಗ ನಾನೇ ತಲೆ ಓಡಿಸಿ ಕೊನೆಗೆ ಕೆಂಪಕ್ಷರದಲ್ಲಿ ಒಂದು ಸಾಲು ಸೇರಿಸಿದೆ: "ಇಲ್ಲಿ ಯಾವುದೇ ನಿಧಿ ಇರುವುದಿಲ್ಲ." ಡ್ರೈವರ್ ಓದಿ, "ಯಾಕೋ ಇದು ಬ್ಯಾಡ ಅನ್ಸುತ್ತೆ ಮೇಡಂ" ಅಂದ. "ನೀನು ಗಾಡಿ ಓಡ್ಸು" ಅಂದೆ.

ಮುಂದಿನ ವಾರ ತೋಟದವನ ಫೋನು. ಓಡಿಹೋಗಿ ನೋಡಿದ್ರೆ ಕಲ್ಲಿನ ಸುತ್ತ ಆಳುದ್ದದ ಗುಂಡಿ. ಅಷ್ಟು ವರ್ಷ ಆ ಕಲ್ಲನ್ನ ನಾಯಿ ಕೂಡ ಮೂಸಿರಲಿಲ್ಲ. ಸದ್ಯ, ಕಲ್ಲಿಗೆ ಏನೂ ಆಗಿರಲಿಲ್ಲ, ತೋಟದವನೂ ಅಧ್ಯಕ್ಷರಿಗೆ ಹೇಳೋಕೆ ಹೋಗಲಿಲ್ಲ. ಆದ್ರೂ ನನಗೆ ಮೈ ಉರಿದುಹೋಯ್ತು. "ಇಲ್ಲ ಅಂತ ಅಷ್ಟು ದಪ್ಪ ಅಕ್ಷರದಲ್ಲಿ ಬರೆದಿದೀನಿ, ಓದೋಕೆ ಬರಲ್ವಾ ಇವರಿಗೆ?" ಅಂತ ಕೂಗಾಡಿದೆ.

ತೋಟದವನು ಸಮಾಧಾನವಾಗಿ ಹೇಳಿದ: "ಓದಿಯೇ ಅಗೆದಿರೋದು ಮೇಡಂ. ಏನೂ ಇಲ್ದೇ ಇದ್ರೆ ತುಮಕೂರಿಂದ ಗಾಡಿ ಮಾಡ್ಕೊಂಡು ಬಂದು ಇಲ್ಲ ಅಂತ ಯಾರು ಬರೀತಾರೆ?"

ದನ ಹಿಡಿದವರು

ಕಡಬದ ಆಚೆ ಅಕ್ಕಪಕ್ಕದ ಎರಡು ಹಳ್ಳಿ. ಹೆಸರು ಬೇಡ, ಮೇಲೂರು, ಕೆಳಗಿನೂರು ಅಂತ ಇಟ್ಕೊಳ್ಳಿ. ಮೇಲೂರಿನ ಬಾಗಿಲಲ್ಲೇ ಒಂದು ವೀರಗಲ್ಲು, ಮೇಲೆ ಚೆಂದದ ಅಕ್ಷರ. ಕೆಳಗಿನೂರಿನವರು ಬಂದು ಮೇಲೂರಿನ ದನ ಹಿಡಿದಾಗ ಈ ವೀರ ಅಟ್ಟಿಸಿಕೊಂಡು ಹೋಗಿ, ದನ ಬಿಡಿಸಿ, ತಾನು ಸತ್ತ ಅಂತಿದೆ. ಇದ್ದದ್ದನ್ನ ಇದ್ದ ಹಾಗೆ ಬರೆಸಿ ಬೋರ್ಡು ನೆಟ್ಟೆ.

ಸಿಮೆಂಟ್ ಇನ್ನೂ ಹಸಿ ಇತ್ತು, ಒಂದು ಟೆಂಪೋ ಟ್ರಾವೆಲರ್ ಬಂದು ನಿಂತಿತು. ಕೆಳಗಿನೂರಿನ ಗಂಡಿನ ಕಡೆಯವರು. ಮೇಲೂರಿನ ಹುಡುಗಿ ಅವರಿಗೆ ಒಪ್ಪಿಗೆಯಾಗಿದ್ಲು, ಅವತ್ತು ಮದುವೆ ಮಾತುಕತೆ. ಗಂಡಿನ ದೊಡ್ಡಪ್ಪ ಇಳಿದು ಬೋರ್ಡನ್ನ ಗಟ್ಟಿಯಾಗಿ ಓದಿದ್ರು. ಓದ್ತಾ ಓದ್ತಾ ಮುಖ ಕೆಂಪಾಯ್ತು.

"ನಾವು ದನಕಳ್ಳರಾ? ಮದುವೆ ಮಾತಿಗೆ ಬರೋ ದಿನವೇ ಊರ ಮುಂದೆ ಬೋರ್ಡಾ? ತಿರುಗಿಸ್ಲಾ ಗಾಡಿ" ಅಂದ್ರು.

ಹೆಣ್ಣಿನ ತಂದೆ ಓಡಿಬಂದು ನನಗೆ ಕೈ ಮುಗಿದ್ರು. "ಆ ಊರ ಹೆಸರಿನ ಮೇಲೆ ಒಂಚೂರು ಬಣ್ಣ ಬಳಿದುಬುಡಿ ಮೇಡಂ, ನಮ್ಮ ಹುಡುಗಿ ಬಾಳು ಕಣವ್ವ." ಆ ಮುಖ ನೋಡಿ ನನಗೂ ಪಾಪ ಅನ್ನಿಸ್ತು. ಆದ್ರೆ ಬಾಯಿ ಸುಮ್ಮನಿರಬೇಕಲ್ಲ. "ಬೋರ್ಡಿಗೆ ಬಳೀಬಹುದು, ಕಲ್ಲಲ್ಲಿ ಕೆತ್ತಿರೋದಕ್ಕೆ ಏನ್ ಮಾಡ್ತೀರಿ?" ಅಂದೆ.

ಸರಿಹೋಯ್ತು. ದೊಡ್ಡಪ್ಪ ಮೊಬೈಲ್ ತೆಗೆದು, ಬೋರ್ಡಿನ ಕೆಳಗೆ ಹಾಕಿಸಿದ್ದ ಅಧ್ಯಕ್ಷರ ನಂಬರ್ ಒತ್ತೋಕೆ ಶುರು ಮಾಡಿದ್ರು. ಆ ಕಡೆ ಒಂದು ಮದುವೆ, ಈ ಕಡೆ ನನ್ನ ಅಷ್ಟೂ ಬೋರ್ಡು, ಎರಡೂ ಒಂದೇ ಫೋನಿಗೆ ನೇತಾಡ್ತಿದ್ವು.

ಗಾಡಿ ಒಳಗಿಂದ ಎಲೆ ಅಡಿಕೆ ಮೆಲ್ಲುತ್ತಾ ಒಂದು ಅಜ್ಜಿ ಇಳಿದ್ರು. ಗಂಡಿನ ಅಜ್ಜಿ, ಅಂದ್ರೆ ಈ ದೊಡ್ಡಪ್ಪನ ಹೆತ್ತ ತಾಯಿ. "ಏನ್ಲಾ ಅದು ರಂಪ?" ಅಂದ್ರು. ಮಗ ಬೋರ್ಡಲ್ಲಿ ಇದ್ದದ್ದನ್ನ ಹೇಳಿದ್ರು.

"ಇದ್ರೂ ಇರಬೌದು ಬುಡು" ಅಂದ್ರು ಅಜ್ಜಿ. "ನಿಮ್ಮಪ್ಪ ನನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಯಾರಿಗೂ ಹೇಳ್ದೆ ಹಾರಿಸ್ಕೊಂಡು ಹೋಗಿದ್ದೂ ಈ ಊರಿಂದ್ಲೇ ಅಲ್ವಾ?"

ಗಾಡಿಯಲ್ಲಿದ್ದವರೆಲ್ಲ ಗೊಳ್ಳಂತ ನಕ್ಕರು. ಹೆಣ್ಣಿನ ತಂದೆಯೂ ಕಣ್ಣೊರೆಸಿಕೊಂಡು ನಕ್ಕರು. ದೊಡ್ಡಪ್ಪ ಫೋನನ್ನ ಮೆಲ್ಲಗೆ ಜೇಬಿಗೆ ಇಳಿಸಿ, "ನಡೀರಿ, ಕಾಫಿಗೆ ಹೊತ್ತಾಯ್ತು" ಅಂತ ಹೆಣ್ಣಿನ ಮನೆ ದಾರಿ ಹಿಡಿದ್ರು. ನನಗೆ ಹೋದ ಜೀವ ಬಂದ ಹಾಗಾಯ್ತು.

ಅಜ್ಜಿ ಮಾತ್ರ ಕಲ್ಲಿನ ಮುಂದೆಯೇ ನಿಂತಿದ್ರು. ವೀರನ ಮುಖಾನ ಬೆರಳಲ್ಲಿ ಸವರಿ, "ಇವ್ನು ದನ ಬಿಡಿಸ್ಕೊಳ್ಳೋಕೆ ಹೋಗಿ ಸತ್ತನಾ?" ಅಂದ್ರು.

"ಹೌದಜ್ಜಿ."

"ದನ ಹಿಡ್ಕೊಂಡು ಹೋದ್ರೆ ಪ್ರಾಣ ಬುಟ್ರು" ಅಂತ ಅಜ್ಜಿ ಎಲೆ ಅಡಿಕೆ ಉಗಿದು ಮೇಲೂರಿನ ಕಡೆ ದುರುಗುಟ್ಟಿ ನೋಡಿದ್ರು. "ನಾನು ಹೋದಾಗ ಕೆರೆ ಏರಿ ದಾಟೋಗಂಟ ಸೈಕಲ್ ಮೇಲೆ ತಿರುಗಿ ತಿರುಗಿ ನೋಡ್ದೆ ಕಣವ್ವ. ಈ ಊರವ್ರಲ್ಲಿ ಒಬ್ಬನಾದ್ರೂ ಅಟ್ಟಿಸ್ಕೊಂಡು ಬಂದ್ನಾ ಕೇಳು."