ಧೂಳೆಳೆಯೋ ಮೇಜು, ಅತ್ತೆಯ ರೇಷ್ಮೆ ಸೀರೆ

ಮೊದಲೇ ಒಪ್ಕೊಂಡುಬಿಡ್ತೀನಿ. ಆಯುಧ ಪೂಜೆ ದಿನ ನಮ್ಮತ್ತೇನ, ಅಂದ್ರೆ ಅಪ್ಪನ ತಂಗೀನ, ನೆತ್ತಿಯಿಂದ ಅಂಗಾಲಿನ ತನಕ ಮರದ ಹೊಟ್ಟಲ್ಲಿ ಹೊರಳಿಸಿ ತೆಗೆದವನು ನಾನೇ. ಬೇಕಂತ ಮಾಡಿದ್ದಲ್ಲ. ಬೇಕಂತ ಮಾಡೋಕೆ ಹೋಗಿದ್ರೆ ಅಷ್ಟು ಚೆನ್ನಾಗಿ ಆಗ್ತಾನೇ ಇರ್ಲಿಲ್ಲ. ನಾನು ಬೇಕಂತ ಮಾಡಿದ ಯಾವ ಕೆಲಸಾನೂ ಇವತ್ತಿನವರೆಗೆ ನೆಟ್ಟಗೆ ಆಗಿಲ್ಲ. ಆದ್ರೂ ಒಂದು ಮಾತು ಈಗ್ಲೂ ಎದೆ ತಟ್ಟಿ ಹೇಳ್ತೀನಿ. ನನ್ನ ಮೇಜಿಗೆ ನಾನು ಕೂರಿಸಿದ ಧೂಳೆಳೆಯೋ ವ್ಯವಸ್ಥೆ ಕೆಲಸ ಮಾಡ್ತು. ಸೀರೆ ಹಾಳಾಗಿದ್ದು ಬೇರೆ ಇಲಾಖೆ.

ಆಗ ಎರಡು ಸಾವಿರದ ಇಸವಿ ಆಸುಪಾಸು. ಡಿಗ್ರಿ ಮುಗಿಸಿ, ಕೆಲಸ ಹುಡುಕ್ತಿದೀನಿ ಅಂತ ಮನೇಲಿ ನಂಬಿಸಿ, ಸವಳಂಗ ರಸ್ತೆಯ ನಮ್ಮನೆ ಸ್ಕೂಟರ್ ಶೆಡ್ಡಲ್ಲಿ ಫೋಟೋ ಫ್ರೇಮ್ ಮಾಡ್ತಿದ್ದೆ. ಮರದ ಅಂಚಿಗೆ ಗೀರು, ಡಿಸೈನು ಕೊರೆಯೋಕೆ ರೌಟರ್ ಅಂತ ಒಂದು ಕೈಮೆಷಿನ್ ಇರುತ್ತೆ. ಅದನ್ನ ತಲೆಕೆಳಗು ಮಾಡಿ ಮೇಜಿನ ಅಡಿಗೆ ಬಿಗಿದು, ಕೊರೆಯೋ ಬಿಟ್ ಮಾತ್ರ ಹಲ್ಲಿ ಥರ ಮೇಲೆ ಇಣುಕೋ ಹಾಗೆ ಮಾಡಿದ್ದೆ. ಮೇಜು ಅಂದ್ರೆ ಅತ್ತೆಯ ಹಳೇ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡು. ಹಲಗೆ ಆ ಕಡೆ ಈ ಕಡೆ ಓಲಾಡದ ಹಾಗೆ ಒತ್ತಿ ತಳ್ಳೋಕೆ ಒಂದು ಅಡ್ಡಪಟ್ಟಿ ಬೇಕು, ಅದಕ್ಕೆ ಫೆನ್ಸ್ ಅಂತಾರೆ. ನನ್ನ ಫೆನ್ಸು ಹಿಂದಿನ ಜನ್ಮದಲ್ಲಿ ನಮ್ಮನೆ ಕ್ಯಾರಂ ಬೋರ್ಡಿನ ಚೌಕಟ್ಟಾಗಿತ್ತು. ಒಟ್ಟಿನಲ್ಲಿ ನಮ್ಮನೇಲಿ ಕಾಣೆಯಾದ ವಸ್ತುಗಳೆಲ್ಲ ಆ ಶೆಡ್ಡಲ್ಲಿ ವೇಷ ಮರೆಸ್ಕೊಂಡು ಬದುಕಿದ್ವು.

ತೊಂದರೆ ಇದ್ದದ್ದು ಧೂಳಿಂದು. ಮೆಷಿನ್ ಆನ್ ಮಾಡಿದ್ರೆ ನಡುಮನೆ ಟಿವಿ ಮೇಲೆ ನಿಮ್ಮ ಹೆಸರು ಬರೆಯಬಹುದಿತ್ತು. ಅಮ್ಮನ ರಾಗಿ ಮುದ್ದೇಲಿ ತೇಗದ ಪರಿಮಳ. ಒಂದಿನ ಅಪ್ಪ ತಮ್ಮ ಬಿಳಿ ಶರ್ಟು ಕೊಡವಿ ಹೇಳಿದ್ರು, "ಶಶಿ, ದಸರಾ ಮುಗಿಯೋದರೊಳಗೆ ಈ ಮೇಜಿನ ಸುತ್ತ ಒಂದು ಚಿಟಿಕೆ ಧೂಳು ಕಂಡ್ರೂ ಶೆಡ್ಡಿಗೆ ಶಟರ್ ಹಾಕ್ಸಿ ಎಸ್‌ಟಿಡಿ ಬೂತಿಗೆ ಬಾಡಿಗೆಗೆ ಕೊಟ್ಬಿಡ್ತೀನಿ." ಶಟರಿನವನಿಗೆ ಅಳತೆಗೆ ಬರೋಕೂ ಹೇಳಿಬಿಟ್ರು. ನನ್ನ ಇಡೀ ಸಾಮ್ರಾಜ್ಯ ಇದ್ದಿದ್ದೇ ಆ ಶೆಡ್ಡು. ಬಿಡ್ತೀನಾ?

ಬಸ್ ಹತ್ತಿ ಭದ್ರಾವತಿಗೆ ಹೋದೆ. ಅಲ್ಲಿ ಮುನಿಸ್ವಾಮಿ ಮೇಸ್ತ್ರಿ ಅಂತ ನನ್ನ ಗುರುಗಳು. ಕಾರ್ಖಾನೇಲಿ ಕಬ್ಬಿಣ ಎರಕ ಹೊಯ್ಯೋದಕ್ಕೆ ಮೊದಲು ಅದೇ ಆಕಾರ ಮರದಲ್ಲಿ ಮಾಡ್ಕೊಳ್ತಾರಲ್ಲ, ಆ ಕೆಲಸ ಮಾಡಿ ರಿಟೈರ್ ಆದವರು. ಅವರು ಬೀಡಿ ಹಚ್ಚಿ ಅಂದ್ರು, "ಧೂಳಿನ ಹಿಂದೆ ಯಾಕೆ ಓಡ್ತೀಯ ತಂಬಿ? ಅದು ಹುಟ್ಟೋ ಜಾಗದಲ್ಲೇ ಬಾಯಿ ಇಡು. ಬಿಟ್ ಇರೋ ಕಡೆ ಫೆನ್ಸಲ್ಲಿ ತೂತು, ತೂತಿನ ಹಿಂದೆ ಡಬ್ಬಿ, ಡಬ್ಬಿಗೆ ಪೈಪು. ಸಂದು ಮಾತ್ರ ಬಿಡಬೇಡ, ಆಮೇಲೆ ಅತ್ಕೊಂಡು ನನ್ನ ಹತ್ರ ಬರಬೇಡ."

ಮಾಡಿದೆ. ಮೊದಲನೇ ತೂತಲ್ಲಿ ಬೆಕ್ಕು ಸಲೀಸಾಗಿ ಹೋಗಿ ಬರಬಹುದಿತ್ತು, ಅದನ್ನ ಮುಚ್ಚಿ ಪಕ್ಕದಲ್ಲಿ ಇನ್ನೊಂದು ಕೊರೆದೆ. ಪ್ಲೈವುಡ್ ಡಬ್ಬಿಯ ಸಂದಿಗೆ ಅಮ್ಮನ ಚಪಾತಿ ಹಿಟ್ಟು ಮೆತ್ತಿದೆ. ಇರುವೆಗಳು ಸಂಸಾರ ಸಮೇತ ಬಂದ್ವು. ಆಮೇಲೆ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸಿದೆ. ಅಪ್ಪ ಟೈ ಕಟ್ಟಿದ ಸೇಲ್ಸ್‌ಮನ್ನಿನ ಮಾತಿಗೆ ಮರುಳಾಗಿ ತಗೊಂಡು, ಎರಡೇ ಸಲ ಬಳಸಿ, ಮಂಚದಡಿ ಇಟ್ಟಿದ್ದ ವ್ಯಾಕ್ಯೂಮ್ ಕ್ಲೀನರನ್ನ ಪೈಪಿಗೆ ಜೋಡಿಸಿದೆ. ಗುಟ್ಟಾಗಿ ಪರೀಕ್ಷೆ ಮಾಡಿದ್ರೆ, ಮಾರಾಯ್ರೇ, ಒಂದು ಕಣ ಹೊರಗೆ ಬೀಳ್ಲಿಲ್ಲ! ಎಲ್ಲಾ ಕ್ಲೀನರಿನ ಹೊಟ್ಟೆಯ ಬಟ್ಟೆ ಚೀಲಕ್ಕೆ ಹೋಗಿ ಕೂತಿತ್ತು.

ಆಯುಧ ಪೂಜೆ ಬಂತು. ಅವತ್ತು ಬೆಳಗ್ಗೆ ನಮ್ಮ ಕಡೆ ತೊಳೆಯದೇ ಬಿಡೋ ವಸ್ತು ಯಾವುದೂ ಇಲ್ಲ. ಸ್ಕೂಟರ್ ತೊಳೆದೆ, ಮೇಜು ಒರೆಸಿದೆ, ಪೈಪಿಗೆ ಸ್ನಾನ ಮಾಡಿಸಿದೆ. ಭಕ್ತಿ ಉಕ್ಕಿ ಆ ಬಟ್ಟೆ ಚೀಲಾನೂ ಬಿಚ್ಚಿ, ಸೋಪಿನ ಪುಡೀಲಿ ನೆನೆಸಿ, ಕುಕ್ಕಿ ಒಗೆದು ತಂತಿ ಮೇಲೆ ಹರವಿದೆ. ಅಪ್ಪ ಫೆನ್ಸಿಗೆ ಮೂರು ಪಟ್ಟೆ ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡು ಹೂವಿನ ಹಾರ ಹಾಕಿದ್ರು. ಅತ್ತೆ ಹೊಸ ರೇಷ್ಮೆ ಸೀರೇಲಿ ಬಂದು ಕುರ್ಚಿ ಎಳ್ಕೊಂಡು ಕೂತ್ರು. ಸರಿಯಾಗಿ ಕ್ಲೀನರಿನ ಹಿಂದೆ.

"ಇದು ನನ್ನ ಹೊಲಿಗೆ ಮೆಷಿನ್ ಸ್ಟ್ಯಾಂಡ್ ಅಲ್ವೇನೋ ಶಶಿ?"

"ಹೌದತ್ತೆ. ಪ್ರಮೋಷನ್ ಆಗಿದೆ."

ಮಂಗಳಾರತಿ ಮುಗೀತಿದ್ದ ಹಾಗೇ ನಾನು ಹಲಗೆ ಕೈಗೆ ತಗೊಂಡೆ. "ಅಪ್ಪಾ, ಶಟರಿನವನು ಬರೋದಕ್ಕೆ ಮುಂಚೆ ಇವತ್ತೇ ತೀರ್ಮಾನ ಆಗ್ಲಿ."

"ಬೇಡ ಕಣೋ. ಪೂಜೆ ಮಾಡಿದ ಸಾಮಾನನ್ನ ಇವತ್ತು ಕೆಲಸಕ್ಕೆ ಹಚ್ಚಬಾರ್ದು. ಬಾ, ಮಂಡಕ್ಕಿ ತಿನ್ನೋಣ."

"ನೀವು ಸ್ಕೂಟರನ್ನ ನಿಂಬೆಹಣ್ಣಿನ ಮೇಲೆ ಹತ್ತಿಸ್ತೀರಲ್ಲ, ಅದು ಕೆಲಸ ಅಲ್ವಾ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಎರಡೂ ಸ್ವಿಚ್ ಒಟ್ಟಿಗೆ ಒತ್ತಿದೆ.

ಫೆನ್ಸಿನ ತೂತು ಹಸಿದವನ ಥರ ಎಳೀತು. ಮರದ ಹೊಟ್ಟು ಎಳೀತು, ವಿಭೂತಿ ಎಳೀತು, ಕುಂಕುಮ ಎಳೀತು, ಹಾರದ ಹೂವೂ ಒಂದೊಂದಾಗಿ ಒಳಗೆ ಹೋದ್ವು. ಒಳಗೆ ಹಿಡಿಯೋಕೆ ಚೀಲ ಎಲ್ಲಿತ್ತು? ಮುಂದೆ ನುಂಗಿದ್ದನ್ನೆಲ್ಲ ಕ್ಲೀನರು ಹಿಂದಿನಿಂದ ಅತ್ತೆಗೆ ಒಪ್ಪಿಸ್ತು. ನಾನು ಸ್ವಿಚ್ ಆರಿಸೋ ಹೊತ್ತಿಗೆ ಕುರ್ಚಿ ಮೇಲೆ ಕೊಬ್ಬರಿ ಪುಡೀಲಿ ಹೊರಳಿಸಿದ ಒಂದು ದೊಡ್ಡ ಲಾಡು ಕೂತಿತ್ತು. ಅದರೊಳಗಿಂದ ಎರಡು ಕಣ್ಣು ನನ್ನನ್ನೇ ನೋಡ್ತಿದ್ವು. ತಲೆ ಮೇಲೆ ಚೆಂಡು ಹೂವಿನ ಎಸಳು.

ಬೇರೆ ಯಾರಾದ್ರೂ ಆಗಿದ್ರೆ ಕಾಲಿಗೆ ಬೀಳ್ತಿದ್ರು. ನಾನು ವಾದಕ್ಕೆ ನಿಂತೆ. "ಅಪ್ಪಾ, ನೀವು ಹೇಳಿದ್ದು ಮೇಜಿನ ಸುತ್ತ ಅಂತ. ಫೆನ್ಸ್ ಮುಟ್ಟಿ ನೋಡಿ!" ಅಪ್ಪ ನಿಜವಾಗ್ಲೂ ಬೆರಳಾಡಿಸಿದ್ರು. ಬೆರಳು ನೋಡಿದ್ರು, ತಂಗೀನ ನೋಡಿದ್ರು. ಬೆರಳು ಸ್ವಚ್ಛ ಇತ್ತು.

ತೀರ್ಪು ಕೊಟ್ಟಿದ್ದು ಅತ್ತೆ. ಎರಡು ಸಲ ಸೀನಿ, "ಅಣ್ಣಾ, ಶೆಡ್ಡು ಇವನಿಗೇ ಬಿಟ್ಬಿಡು. ಅದನ್ನ ಬಾಡಿಗೆಗೆ ಕೊಟ್ರೆ ಇವನು ಮನೆಯೊಳಗೆ ಬರ್ತಾನೆ" ಅಂದ್ರು.

ಹೀಗೆ ಶೆಡ್ಡು ಗೆದ್ದೆ. ಗೆದ್ದಿದ್ದನ್ನ ಹೇಳದಿದ್ರೆ ಗೆದ್ದ ಹಾಗೇ ಅನ್ಸಲ್ಲ ನೋಡಿ, ಹಬ್ಬ ಮುಗಿದ ಮೇಲೆ ಭದ್ರಾವತಿಗೆ ಓಡಿದೆ. ತೂತು, ಡಬ್ಬಿ, ಸಂದು ಎಲ್ಲಾ ವರ್ಣಿಸಿ, ನಡುವೆ ಅತ್ತೆ ಕಥೇನೂ ತೆಳ್ಳಗೆ ಸೇರಿಸಿ, "ಏನೇ ಹೇಳಿ ಮೇಸ್ತ್ರಿ, ನನ್ನ ಕೆಲಸದಲ್ಲಿ ಒಂದು ತಪ್ಪು ತೋರ್ಸಿ ನೋಡೋಣ" ಅಂದೆ.

ಮೇಸ್ತ್ರಿ ಬೀಡಿ ಆರಿಸಿದ್ರು. "ಅಷ್ಟು ವರ್ಷ ಫ್ಯಾಕ್ಟ್ರೀಲಿ ಇದ್ದೆ ತಂಬಿ, ಆಯುಧ ಪೂಜೆ ದಿನ ಒಂದು ಉಳಿಯನ್ನೂ ಕೆಲಸಕ್ಕೆ ಎತ್ತಿಲ್ಲ. ಅವತ್ತು ಅವಕ್ಕೆ ರಜಾ. ಚೀಲ ಎಲ್ಲಿತ್ತು ಅಂದೆ?"

"ತಂತಿ ಮೇಲೆ. ಸ್ನಾನ ಮಾಡಿ ಬಿಸಿಲು ಕಾಯಿಸ್ತಿತ್ತು."

"ಸರಿ ಬಿಡು. ಅವತ್ತು ನಿಮ್ಮ ಶೆಡ್ಡಲ್ಲಿ ಪದ್ಧತಿ ಗೊತ್ತಿದ್ದಿದ್ದು ಆ ಚೀಲಕ್ಕೊಂದಕ್ಕೇ."