ಗಡ್ಡ ಬಿದ್ದರೂ ಗಾಬರಿಯಾಗದವನು

ನನ್ನ ಹೆಂಡತಿಯ ತಮ್ಮನಿಗೆ ಯಾವ ಕೆಲಸವನ್ನೂ ಹೇಳಿದ ಹಾಗೆ ಮಾಡಿ ಅಭ್ಯಾಸವಿಲ್ಲ. ಮಾಡಿದರೆ ಜ್ವರ ಬರುತ್ತದೋ ಏನೋ!

ಒಮ್ಮೆ ಮದುವೆಗೆಂದು ತುಮಕೂರಿನಿಂದ ಕುಣಿಗಲ್ಲಿಗೆ ಹೊರಟವನು ಗುಬ್ಬಿಯಲ್ಲಿ ಇಳಿದಿದ್ದ. "ಯಾಕಯ್ಯಾ?" ಎಂದು ಫೋನಿನಲ್ಲಿ ಕೇಳಿದೆ.

"ಗುಬ್ಬಿ ಬಸ್ಸಲ್ಲಿ ಕಿಟಕಿ ಸೀಟಿತ್ತು ಭಾವ. ಇಲ್ಲೂ ಒಂದ್ ಮದ್ವೆ ಸಿಕ್ತು ಬುಡು, ಹೋಳಿಗೆ ಊಟ!"

ಯಾರ ಮದುವೆಯೋ ಅವನಿಗೂ ಗೊತ್ತಿಲ್ಲ. ಹೆಣ್ಣಿನ ಕಡೆಯವರು ಇವನನ್ನು ಗಂಡಿನ ಸೋದರಮಾವನೆಂದುಕೊಂಡು ಪಂಚೆ ಶಲ್ಯ ಕೊಟ್ಟು ಕಳಿಸಿದ್ದರು!

ನಾನೋ, ಎಸ್ಸೆಸ್ಸೆಲ್ಸಿಯನ್ನು ಉರು ಹೊಡೆದೇ ಪಾಸು ಮಾಡಿದವನು. ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ನನ್ನ ಮಾತು ಒಂದಕ್ಷರ ಆಚೀಚೆ ಆಗುವುದಿಲ್ಲ. ಭಾವಮೈದನೂ ಅದೇ ತಂಡದವನು. ಒಮ್ಮೆ ಚೇಳೂರಿನ ನಾಟಕದಲ್ಲಿ ರಾಜನಾಗಿದ್ದ ಅವನ ಗಡ್ಡ ಕಳಚಿ ಬಿತ್ತು. ಮಂತ್ರಿಯಾಗಿದ್ದ ನಾನು ನಡುಗಿಹೋದೆ. ಅವನು ಗಡ್ಡ ಎತ್ತಿ ನನ್ನ ಕೈಗಿಟ್ಟು, "ಮಂತ್ರಿ, ಇದನ್ನು ಶತ್ರುರಾಜನಿಗೆ ಕಳಿಸು. ನಾನಿನ್ನೂ ಹುಡುಗ ಅಂತ ಗೊತ್ತಾಗಲಿ!" ಎಂದ. ಜನ ಬಿದ್ದು ಬಿದ್ದು ನಕ್ಕರು. ಮುಂದೆ ನಾನು ಹೇಳಬೇಕಾದ ಮಾತು, "ನೆರೆತ ಗಡ್ಡದ ಪ್ರಭುಗಳಿಗೆ ಜಯವಾಗಲಿ." ಹಾಗೆಯೇ ಹೇಳಿದೆ! ಇನ್ನೂ ನಕ್ಕರು.

ಅವತ್ತು ಅವನನ್ನು ಬೈದಷ್ಟು ಇನ್ಯಾರನ್ನೂ ಬೈದಿಲ್ಲ. ಈಗ ಒಪ್ಪಿಕೊಳ್ಳುತ್ತೇನೆ, ಅದೆಲ್ಲ ಹೊಟ್ಟೆಕಿಚ್ಚು.

ಈ ವರ್ಷ ಗುಬ್ಬಿಯಲ್ಲಿ ನಾಟಕ, ನಾನೇ ರಾಜ. ಹೃದಯದ ಆಪರೇಷನ್ ಆದಮೇಲೆ ಮೊದಲ ಸಲ ಮನೆಯಿಂದ ಹೊರಬಂದ ನನ್ನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತಾಗ ನನಗೆ ಒಂದು ಮಾತೂ ಹೊರಟಿರಲಿಲ್ಲ. "ಯಾರಾದ್ರೂ ಬರ್ಕೊಟ್ರೆ ಮಾತ್ರ ಬಾಯಿ ಬಿಡ್ತೀರೇನೋ" ಎಂದು ಮುಖ ತಿರುಗಿಸಿದ್ದಳು. ಇವತ್ತಾದರೂ ಅವಳ ಕೈಲಿ ಸೈ ಅನ್ನಿಸಿಕೊಳ್ಳಬೇಕೆಂದು ಸಿಂಹಾಸನದಿಂದ ಎದ್ದೆ. ಅವಳ ಮುಖ ಕಂಡಿತು. ಉರು ಹೊಡೆದದ್ದೆಲ್ಲ ಮಾಯ!

ಹಾರ್ಮೋನಿಯಂ ಮೇಷ್ಟ್ರು ಅದೇ ಸ್ವರ ಒತ್ತಿ ಒತ್ತಿ ಸುಸ್ತಾದರು. ಆಗ ಸೇವಕನ ವೇಷದಲ್ಲಿದ್ದ ಭಾವಮೈದ ರಂಗಕ್ಕೆ ನುಗ್ಗಿ ಕೈಮುಗಿದ.

"ಮಾರಾಜ್ರೇ, ರಾಜ್ಯದ ಮಾತು ಇರ್ಲಿ ಬುಡಿ. ಮಾರಾಣಿಯೋರು ಆಪರೇಷನ್ ಮಾಡಿಸ್ಕೊಂಡು ಬಂದು ಎದುರಿಗೇ ಕೂತವ್ರೆ. ಏನಾರ ಹೇಳಿ ಮತ್ತೆ!"

ನಾನು ಕಿರೀಟ ತೆಗೆದೆ. ಯಾಕೆಂದು ಗೊತ್ತಿಲ್ಲ.

"ನಿನ್ನ ಒಳಗೆ ಕರ್ಕೊಂಡು ಹೋದಾಗ ಆ ಬಾಗಿಲ ಹತ್ರಾನೇ ನಿಂತಿದ್ದೆ ಕಣೇ. ಭಯ ಆಗಿತ್ತು. ನೀನಿಲ್ದೆ ನನ್ ಕೈಲಾಗಲ್ಲ" ಎಂದುಬಿಟ್ಟೆ.

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವಂತೆ ಕೂಗಿದಳು:

"ಒನ್ಸ್ ಮೋರ್!"