ನೆಲನೆಲ್ಲಿಯ ಪ್ರಭಾವ ವಲಯ

ವಿಜಯಪುರದ ಒಂದು ಔಷಧವಿಜ್ಞಾನ ಕಾಲೇಜಿನ ಬಿಳಿ ಇಲಿಗಳು ಕಾಯಿಲೆ ಬೀಳಲು ಒಪ್ಪದ ಕಾರಣ ಶಾಹೀನಳ ಪಿಎಚ್‌ಡಿ ನೋಂದಣಿ ರದ್ದಾಗುವ ಹಂತಕ್ಕೆ ಬಂದಿತ್ತು.

ಪ್ರಯೋಗ ಸರಳವಾದದ್ದು. ಜ್ವರದ ಗುಳಿಗೆ ಮಿತಿಮೀರಿದರೆ ಯಕೃತ್ತು ಕೆಡುತ್ತದೆ. ಎರಡು ಗುಂಪಿನ ಇಲಿಗಳಿಗೂ ಗುಳಿಗೆ ತಿನ್ನಿಸಿ, ಒಂದು ಗುಂಪಿಗೆ ಮಾತ್ರ ನೆಲನೆಲ್ಲಿಯ ರಸ ಕುಡಿಸಬೇಕು. ಕುಡಿದವು ಉಳಿದು ಕುಡಿಯದವು ಕೆಟ್ಟರೆ ಗಿಡದ ಗುಣ ಸಿದ್ಧವಾದಂತೆ. ಆದರೆ ಯಾವುವೂ ಕೆಡಲಿಲ್ಲ. ಎಲ್ಲವೂ ಮೈಕೈ ತುಂಬಿಕೊಂಡು ಮಿರಮಿರ ಮಿಂಚತೊಡಗಿದವು.

ಶಾಹೀನ ಒಂದು ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ನೋಡಿದಳು. ಕಹಿಯೇ ಇರಲಿಲ್ಲ. ಸೀದಾ ಮಾರ್ಗದರ್ಶಕರಾದ ಡಾ. ಯಲಗೂರಪ್ಪನವರ ಕೋಣೆಗೆ ನಡೆದಳು.

"ಸರ್, ಇದು ಬರೇ ಸುಣ್ಣದ ಪುಡಿ ಐತ್ರಿ. ಸ್ಟೇಷನ್ ರಸ್ತೆದಾಗ ನಾನ ಚಲೋ ಗುಳಿಗಿ ತಗೊಂಡು ಬರ್ತೇನ್ರಿ."

"ನಿಮ್ಮ ವಿಷಯ ಗಿಡದ್ದೈತಿ. ಗುಳಿಗಿ ಟೆಂಡರಿನಾಗ ಪಾಸಾಗೇತಿ. ಪಾಸಾಗಿದ್ದನ್ನ ಮತ್ತ ಪರೀಕ್ಷಾ ಮಾಡಿದ್ರ ಟೆಂಡರ್ ಕಮಿಟಿಯವರು ಏನ ತಿಳಕೋಬೇಕು?"

"ಹಂಗಾದ್ರ ರಸಾ ಕುಡಿಲಾರದ ಇಲಿ ಯಾಕ ಆರಾಮ ಅದಾವ್ರಿ?"

ಯಲಗೂರಪ್ಪನವರು ಕಣ್ಣು ಮುಚ್ಚಿ ಯೋಚಿಸಿ, ಹಿಗ್ಗಿನಿಂದ ಮೇಜು ಗುದ್ದಿದರು. "ಬಾಜೂಕ ಇಟ್ಟೀರಲ್ಲ! ಗಿಡದ ಪ್ರಭಾವ ತಾಗೇತಿ. ದೂರ ಒಯ್ಯಿರಿ."

ರಸ ಕುಡಿಯದ ಇಲಿಗಳನ್ನು ಸಿದ್ಧೇಶ್ವರ ಗುಡಿಯ ಹಿಂದೆ, ಇಲಿಕೋಣೆಯ ನೌಕರ ಭಾಗಪ್ಪನ ಮನೆಗೆ ಸಾಗಿಸಲಾಯಿತು. ಅಲ್ಲಿಯೂ ಗುಳಿಗೆ ತಿಂದು ನೆಟ್ಟಗಿದ್ದವು. ಪ್ರಭಾವ ಗುಡಿಯವರೆಗೆ ಇದೆಯೆಂದು ದಾಖಲಾಯಿತು. ಮುಂದೆ ಟಂಟಂ ಆಟೋದಲ್ಲಿ ಬಬಲೇಶ್ವರಕ್ಕೆ, ಭಾಗಪ್ಪನ ಅಕ್ಕ ರುಕ್ಮವ್ವನ ಮನೆಗೆ ಕಳಿಸಿದರು. ವಾರದ ಮೇಲೆ ಶಾಹೀನ ನೋಡಲು ಹೋದಾಗ ರುಕ್ಮವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯವ್ವಾ, ಇವು ಜಡ್ಡಿನ ಇಲಿ ಅಂದಿದ್ದಿ. ದೀಪಾವಳಿಗೆ ಬಂದ ಅಳಿಯಂದ್ರಾಗ್ಯಾವು! ಗುಳಿಗಿ ತಡಾ ಆದ್ರ ಪಂಜರ ಕಡೀತಾವು."

ಪ್ರಭಾವ ಬಬಲೇಶ್ವರದವರೆಗೆ ಹಬ್ಬಿತು. ಇದು ತಿಳಿದ ಕೂಡಲೇ ಟಿಕೋಟಾದ ಮುಖಂಡರು, ತಮ್ಮೂರನ್ನು ಬಿಟ್ಟದ್ದು ಮಲತಾಯಿ ಧೋರಣೆಯೆಂದು ಕಾಲೇಜಿನ ಮುಂದೆ ಧರಣಿ ಕೂತರು. ಇಲಿಗಳನ್ನು ಟಿಕೋಟಾದಲ್ಲಿ ಒಂದು ವಾರ ಇರಿಸಿ, ಸನ್ಮಾನ ಮಾಡಿಸಿ, ಕನಮಡಿಗೆ ಒಯ್ಯಲಾಯಿತು. ಅಲ್ಲಿಯೂ ಗಟ್ಟಿಯಾಗಿದ್ದವು. ಅದರಾಚೆ ಮಹಾರಾಷ್ಟ್ರ, ಇಲಿ ದಾಟಿಸಲು ಎರಡು ರಾಜ್ಯಗಳ ಒಪ್ಪಿಗೆ ಬೇಕು. ಆದ್ದರಿಂದ ಕಾಲೇಜಿನ ಸಂಶೋಧನಾ ಸಮಿತಿ ಪ್ರಕಟಣೆ ಹೊರಡಿಸಿತು:

"ನೆಲನೆಲ್ಲಿಯ ಪ್ರಭಾವವು ರಾಜ್ಯದ ಗಡಿಯಲ್ಲಿ ಮುಕ್ತಾಯಗೊಳ್ಳತಕ್ಕದ್ದು. ವಲಯದೊಳಗಿನ ಸಾರ್ವಜನಿಕರು ಗಿಡವನ್ನು ತಿನ್ನುವ ಅಗತ್ಯವಿಲ್ಲ. ತಿಂದು ಖಾಲಿ ಮಾಡಿದವರ ಮೇಲೆ ಕ್ರಮ ಜರುಗಿಸಲಾಗುವುದು."

"ಇದಕ್ಕ ನಾ ಸಹಿ ಮಾಡಂಗಿಲ್ರಿ ಸರ್," ಎಂದಳು ಶಾಹೀನ.

"ಬ್ಯಾಡ ಬಿಡ್ರಿ. ಶುಕ್ರವಾರ ನೋಂದಣಿ ರದ್ದಾಗ್ತದ."

ಅವಳ ತಾಯಿ ನಜಮಾ ಆಗಲೇ ಓಣಿಗೆಲ್ಲ ಸಿಹಿ ಹಂಚಿ, 'ಡಾಕ್ಟರ್ ಶಾಹೀನ' ಎಂದು ಬಾಗಿಲಿಗೆ ಫಲಕ ಹೊಡೆಸಿದ್ದಳು. ಗುರುವಾರ ಸಂಜೆ ಶಾಹೀನ ಸಹಿ ಮಾಡಿದಳು.

ಮೌಖಿಕ ಪರೀಕ್ಷೆಗೆ ಮಹಾರಾಷ್ಟ್ರದ ಸಾಂಗ್ಲಿಯಿಂದ ಪರೀಕ್ಷಕ ಧರ್ಮರಾಜರು ಬಂದರು. ಮೊಣಕಾಲು ನೋವಿಗೆ ದಿನವೂ ಅದೇ ಜ್ವರದ ಗುಳಿಗೆ ನುಂಗುವ ಮನುಷ್ಯ. ಪ್ರಬಂಧವನ್ನು ತಿರುವಿ ಹಾಕಿ ಕೇಳಿದರು:

"ಒಂದಾದ್ರೂ ಕೆಟ್ಟ ಯಕೃತ್ತು ತೋರಸ್ರಿ."

ಯಲಗೂರಪ್ಪನವರು ಚಾವಣಿ ನೋಡತೊಡಗಿದರು.

"ನಮ್ಮ ಕಡೆ ಸಿಗೂದಿಲ್ರಿ ಸರ್," ಎಂದಳು ಅವಳು. "ಕೆಟ್ಟದ್ದು ಬೇಕಂದ್ರ ಗಡಿ ದಾಟಬೇಕು. ನಿಮ್ಮ ಕಡೆ."

ಧರ್ಮರಾಜರ ಮುಖ ಬಿಳಿಚಿತು. ಬಲಗೈ ತಾನಾಗಿಯೇ ಯಕೃತ್ತಿರುವ ಪಕ್ಕೆಯ ಕಡೆಗೆ ಹೋಯಿತು.

"ನಾ ಇವತ್ತ ಸಂಜೀಕ ವಾಪಸ್ ಹೋಗಬೇಕಲ್ರಿ..."

"ಅದು ನಿಮ್ಮ ಇಚ್ಛಾ ಸರ್," ಎಂದರು ಯಲಗೂರಪ್ಪನವರು, ತೀರಾ ಮರುಕದಿಂದ.

ಪರೀಕ್ಷಕರು ತಡಮಾಡದೆ ಸಹಿ ಹಾಕಿ, ಎದ್ದು ಶಾಹೀನಳಿಗೆ ಕೈಮುಗಿದರು.

"ಅಭಿನಂದನೆ, ಡಾಕ್ಟರ್ ಶಾಹೀನ. ಕನಮಡಿಯಾಗ ಬಾಡಿಗಿ ಮನಿ ಸಿಗತಾವೇನ್ರಿ?"

"ಸಿಗತಾವ್ರಿ," ಎಂದಳು ಡಾಕ್ಟರ್ ಶಾಹೀನ. "ಆದ್ರ ನೋಡ್ರಿ, ಗುಳಿಗಿ ಮುಂದಿನ ಕಟ್ಟಿ ಮ್ಯಾಲ ಕುಂತ ನುಂಗ್ರಿ. ಹಿತ್ತಲಾ ಎಲ್ಲಾ ಮಹಾರಾಷ್ಟ್ರದಾಗ ಬರ್ತಾವು."